ಡಿಡೋಳಿಗಾಗಿ ಸುರಿಸಿದ ಕಣ್ಣೀರು

ಕ್ರೈಸ್ತಮತವು ರೋಮನ್ನರ ಹಳೆಯ ದೇವತಾರಾಧನೆಯಿಂದ ಏನೇನನ್ನು ಪಡೆಯಿತೆಂಬ ಚರ್ಚೆ ಎದ್ದಾಗಲೆಲ್ಲ ನಮ್ಮ ಗಮನ ಹಬ್ಬಗಳ ಕಡೆಗೆ, ಧೂಪದೀಪಗಳ ಕಡೆಗೆ ಹೊರಳುತ್ತದೆ. ಡಿಸೆಂಬರ್ 25 ಸೂರ್ಯದೇವನ ಹಬ್ಬದಿಂದ ಬಂದಿತೆ ಎಂಬುದು ವಿದ್ವಾಂಸರಲ್ಲಿ ಇನ್ನೂ ಮುಗಿಯದ ವಾದ. ಇಂಥ ಪಟ್ಟಿಗಳಿಂದ ಸಾಲದ ಲೆಕ್ಕ ಸಿಕ್ಕೀತು. ಆ ಸಾಲ ಒಬ್ಬ ಮನುಷ್ಯನ ಅಂತರಂಗದಲ್ಲಿ ಹೇಗೆ ಬಾಳಿತೆಂಬುದು ತಿಳಿಯದು. ಅದನ್ನು ಅರಿಯಲು ಆಗಸ್ಟೀನನ ‘ಕನ್‌ಫೆಷನ್ಸ್’ ಗ್ರಂಥಕ್ಕಿಂತ ಉತ್ತಮ ಸಾಧನವಿಲ್ಲ.

354ರಲ್ಲಿ ಉತ್ತರ ಆಫ್ರಿಕದ ಥಗಾಸ್ತೆಯಲ್ಲಿ ಹುಟ್ಟಿದ ಆಗಸ್ಟೀನನಿಗೆ ತಾಯಿ ಮೋನಿಕಾ ಕ್ರೈಸ್ತಶ್ರದ್ಧೆಯನ್ನು ಕೊಟ್ಟಳು. ಶಾಲೆ ವರ್ಜಿಲ್, ಸಿಸೆರೊಗಳನ್ನು ಕೊಟ್ಟಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೊನ ‘ಹೊರ್ಟೆನ್ಸಿಯಸ್’ ಓದಿದಾಗ ತನ್ನ ಪ್ರಾರ್ಥನೆಯೇ ಬೇರೆಯಾಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಆ ಪುಸ್ತಕ ಇಂದು ಪೂರ್ತಿಯಾಗಿ ಉಳಿದಿಲ್ಲ. ಉಳಿದ ತುಣುಕುಗಳಲ್ಲಿ ಹಲವು ದೊರೆತಿರುವುದು ಈ ಕ್ರೈಸ್ತನ ಬರಹಗಳಿಂದಲೇ.

ಸುಮಾರು 397ರಲ್ಲಿ ‘ಕನ್‌ಫೆಷನ್ಸ್’ ಬರೆಯತೊಡಗಿದಾಗ ಅವನು ಬಿಷಪ್. ಬಾಲ್ಯದಲ್ಲಿ ವರ್ಜಿಲನ ಡಿಡೋಳ ಸಾವಿಗೆ ಅತ್ತವನು ತನ್ನ ಆತ್ಮದ ಸಾವಿಗೆ ಅಳಲಿಲ್ಲವಲ್ಲ ಎಂದು ಮೊದಲನೆಯ ಭಾಗದಲ್ಲಿ ಹಳಿದುಕೊಳ್ಳುತ್ತಾನೆ. ಆದರೆ ಐದನೆಯ ಭಾಗವನ್ನು ನೋಡಿ. ರೋಮಿಗೆ ಹೊರಟ ಮಗನನ್ನು ಮೋನಿಕಾ ಕಾರ್ಥೇಜಿನ ಕಡಲತಡಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಗೆಳೆಯನನ್ನು ಬೀಳ್ಕೊಡಲು ಬಂದೆನೆಂದು ಸುಳ್ಳು ಹೇಳಿ, ಅವಳು ಪ್ರಾರ್ಥನೆಯಲ್ಲಿರುವ ರಾತ್ರಿಯೇ ಅವನು ಹಡಗೇರುತ್ತಾನೆ. ಬೆಳಗಾದಾಗ ತಾಯಿ ದಡದಲ್ಲಿ ಗೋಳಾಡುತ್ತಾಳೆ. ಅದೇ ಕಾರ್ಥೇಜ್, ಇಟಲಿಯತ್ತ ಸಾಗುವ ಹಡಗು, ಹಿಂದೆ ಅಳುವ ಹೆಣ್ಣು! ವರ್ಜಿಲನ ಹೆಸರನ್ನು ಆಗಸ್ಟೀನ್ ಇಲ್ಲಿ ಎತ್ತುವುದಿಲ್ಲ. ಆದರೂ ಡಿಡೋಳನ್ನು ತೊರೆದ ಈನಿಯಸ್ ನೆನಪಾಗದೆ ಹೇಗಿದ್ದಾನು?

ಇದನ್ನು ಬರಿಯ ಅನುಕರಣವೆನ್ನುವುದು ಸರಿಯಲ್ಲ. ಈನಿಯಸ್ ಹೊರಟದ್ದು ದೇವತೆಗಳ ಆಜ್ಞೆಯಂತೆ. ಡಿಡೋಳ ದುಃಖಕ್ಕೆ ಅಲ್ಲಿ ಪರಿಹಾರವಿಲ್ಲ. ಇಲ್ಲಿ ದೇವರು ಮೋನಿಕಾಳ ಆ ರಾತ್ರಿಯ ಬೇಡಿಕೆಯನ್ನು ನಿರಾಕರಿಸಿ, ಅವಳ ಜೀವಮಾನದ ಬೇಡಿಕೆಯಾದ ಮಗನ ಉದ್ಧಾರವನ್ನು ನಡೆಸಿಕೊಡುತ್ತಾನೆ. ಹಳೆಯ ಕಥೆಯ ಮೈ ಉಳಿದಿದೆ, ಅರ್ಥ ಹೊರಳಿದೆ.

ಇದೇ ತಾಯಿ ಮುಂದೆ ಮಿಲಾನಿನಲ್ಲಿ ಹುತಾತ್ಮರ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳನ್ನು ಎಡೆಗೆಂದು ಒಯ್ದಳು. ಅದು ರೋಮನ್ನರ ಪಿತೃಕಾರ್ಯವನ್ನು ಹೋಲುತ್ತದೆಂದೂ ಕುಡುಕರಿಗೆ ಅವಕಾಶವಾಗುತ್ತದೆಂದೂ ಬಿಷಪ್ ಆಂಬ್ರೋಸ್ ಅದನ್ನು ನಿಷೇಧಿಸಿದ್ದ. ಅವಳು ಮರುಮಾತಿಲ್ಲದೆ ಬಿಟ್ಟಳು. ಎಡೆಯ ಬುಟ್ಟಿಯನ್ನು ಬಾಗಿಲಲ್ಲೇ ತಡೆಯಬಹುದು. ಎಳವೆಯಲ್ಲಿ ಮನಸ್ಸಿಗಿಳಿದ ಕಾವ್ಯವನ್ನು ಯಾವ ಕಾವಲುಗಾರ ತಡೆದಾನು?

ಆದ್ದರಿಂದ ಪ್ರಭಾವವನ್ನು ಕಳಂಕವೆನ್ನುವವರೂ ಕಳವೆನ್ನುವವರೂ ಈ ಗ್ರಂಥದ ಮುಂದೆ ಸೋಲುತ್ತಾರೆ. ಆಗಸ್ಟೀನ್ ತನ್ನ ಬಾಲ್ಯದ ಕಣ್ಣೀರಿಗೆ ನ್ಯಾಯ ಸಲ್ಲಿಸಲಿಲ್ಲವೆಂದೇ ನಮಗನ್ನಿಸುತ್ತದೆ. ಡಿಡೋಳಿಗಾಗಿ ಅಳಲು ಕಲಿಯದಿದ್ದರೆ, ದಡದಲ್ಲಿ ಅಳುವ ತಾಯಿಯನ್ನು ಅವನು ಹೀಗೆ ಚಿತ್ರಿಸಬಲ್ಲವನಾಗುತ್ತಿರಲಿಲ್ಲ.