ನೆನಪೆಂಬ ವಿಮರ್ಶಕ

ಬ್ರಿಟನ್ನಿನಲ್ಲಿ ಇಂದು ಅರವತ್ತು ಎಪ್ಪತ್ತು ದಾಟಿದವರು ತಮ್ಮ ಬಾಲ್ಯದ ಮಾತಿಗೆ ತೊಡಗಿದರೆ ಅದು ಬಹುಬೇಗ ಟೆಲಿವಿಷನ್ನಿನ ಮಾತಾಗುತ್ತದೆ. ಅವರ ಆತ್ಮಕಥೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ಹಳೆಯ ಕಾರ್ಯಕ್ರಮಗಳ ಬಗೆಗೆ ಬಂದಿರುವ ದಪ್ಪ ದಪ್ಪ ಪುಸ್ತಕಗಳಲ್ಲಿ ಒಂದೇ ಪಲ್ಲವಿ ಕೇಳಿಬರುತ್ತದೆ: ಅಂದಿನ ಸೊಗಸು ಇಂದಿಲ್ಲ. ಈ ಬಗೆಯ ಬರಹವನ್ನು ನಾನು ಕೆಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಆ ಕಾಲವೂ ನನ್ನದಲ್ಲ, ಆ ದೇಶವೂ ನನ್ನದಲ್ಲ. ಉಳಿದಿರುವ ಕಾರ್ಯಕ್ರಮಗಳಲ್ಲಿ ಕೆಲವನ್ನು ನಾನು ನೋಡಿದ್ದು ದಶಕಗಳ ತರುವಾಯ, ಡಿ.ವಿ.ಡಿ.ಗಳ ಮೂಲಕ. ಹೀಗಾಗಿ ಆ ಹಂಬಲದಲ್ಲಿ ನನಗೆ ಪಾಲಿಲ್ಲ. ಆದರೆ ಸಾಹಿತ್ಯದ ಪಾಠ ಹೇಳುವವನಿಗೆ ಅಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಕೃತಿ ಕಣ್ಣೆದುರಿಗೆ ಇಲ್ಲದಾಗ ಅದರ ನೆನಪನ್ನೇ ಅದರ ವಿಮರ್ಶೆಯೆಂದು ಒಪ್ಪಬಹುದೆ?

ಕೃತಿ ಕಣ್ಣೆದುರಿಗೆ ಇಲ್ಲ ಎಂದದ್ದು ಅಲಂಕಾರದ ಮಾತಲ್ಲ. 1960 ಮತ್ತು 70ರ ದಶಕಗಳಲ್ಲಿ ಬಿ.ಬಿ.ಸಿ. ತನ್ನ ಕಾರ್ಯಕ್ರಮಗಳ ಟೇಪುಗಳನ್ನು ತಾನೇ ಅಳಿಸಿತು. ಎರಡು ಅಂಗುಲ ಅಗಲದ ಆ ಟೇಪು ಬಲು ದುಬಾರಿ. ಒಂದು ಕಾರ್ಯಕ್ರಮವನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ದಾಖಲಿಸುವುದು ಮಿತವ್ಯಯವೆನಿಸಿತ್ತು. ನಟರ ಮತ್ತು ವಾದ್ಯಗಾರರ ಸಂಘಗಳೊಡನೆ ಆಗಿದ್ದ ಒಪ್ಪಂದಗಳಿಂದ ಮರುಪ್ರಸಾರಕ್ಕೆ ಕಟ್ಟುನಿಟ್ಟಾದ ಮಿತಿಯೂ ಇತ್ತು. 1967ರಲ್ಲಿ ಬಿ.ಬಿ.ಸಿ.ಯ ಎರಡನೆಯ ವಾಹಿನಿಗೂ, 1969ರಲ್ಲಿ ಉಳಿದ ಎರಡು ವಾಹಿನಿಗಳಿಗೂ ಬಣ್ಣ ಬಂದ ಮೇಲಂತೂ ಕಪ್ಪುಬಿಳುಪಿನ ಚಿತ್ರವನ್ನು ಇನ್ನಾರು ನೋಡಿಯಾರು ಎಂಬ ಭಾವನೆ ಬಲಿಯಿತು. ನಾಟಕಕಾರ ಆ್ಯಲನ್ ಬೆನೆಟ್ 1966ರಲ್ಲಿ ಬರೆದು ನಟಿಸಿದ ‘ಆನ್ ದಿ ಮಾರ್ಜಿನ್’ ಎಂಬ ಹಾಸ್ಯಮಾಲೆಯ ಚಿತ್ರ ಹೀಗೆ ಹೋಯಿತು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ರಾತ್ರಿ ಬಿ.ಬಿ.ಸಿ.ಯ ಸ್ಟುಡಿಯೋದಿಂದ ಪ್ರಸಾರವಾದದ್ದರಲ್ಲಿ ಬಹುಭಾಗ ಹೋಯಿತು. 1963ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ ಮೊದಲ ವರ್ಷಗಳ ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಇನ್ನೂ ಸಿಕ್ಕಿಲ್ಲ. ಈ ಅಳಿಸಾಟ ನಿಂತದ್ದು 1978ರ ಹೊತ್ತಿಗೆ.

ಹಳಗನ್ನಡ ಓದಿದವರಿಗೆ ಈ ಅವಸ್ಥೆ ಅಪರಿಚಿತವಲ್ಲ. ‘ಕವಿರಾಜಮಾರ್ಗ’ವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರನ್ನು ಹೆಸರಿಸುತ್ತದೆ, ಅವರ ಗದ್ಯದ ಒಂದು ಕೃತಿಯೂ ನಮಗೆ ದೊರೆತಿಲ್ಲ. ಆದರೆ ದುರ್ವಿನೀತನ ಗದ್ಯವನ್ನು ಕೇಳಿದವರು ಯಾರೂ ಇಂದು ನಮ್ಮ ನಡುವೆ ಇಲ್ಲ; ಅಳಿಸಿಹೋದ ಆ ಕಂತುಗಳನ್ನು ಕಂಡವರು ಇನ್ನೂ ಇದ್ದಾರೆ. ಅಷ್ಟೇ ಅಲ್ಲ, ಹೋದದ್ದರಲ್ಲಿ ಕೆಲವು ಹಿಂದಿರುಗಿ ಬಂದಿವೆ. ಹೊರದೇಶಗಳ ಕೇಂದ್ರಗಳಿಗೆ ಮಾರಾಟ ಮಾಡಲು ಟೇಪಿನಿಂದ ಫಿಲ್ಮಿಗೆ ಇಳಿಸಿಟ್ಟ ಪ್ರತಿಗಳು ಎಲ್ಲೆಲ್ಲಿಯೋ ಉಳಿದುಕೊಂಡಿದ್ದವು. ನೆನಪನ್ನೂ ಕೃತಿಯನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವ ಇಂಥ ಅವಕಾಶ ವಿಮರ್ಶಕನಿಗೆ ಬಹಳ ಅಪರೂಪ.

‘ಡಾಕ್ಟರ್ ಹೂ’ದಲ್ಲಿಯೇ ಎರಡು ನಿದರ್ಶನಗಳಿವೆ. ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸುವ ಒಬ್ಬ ವಿಚಿತ್ರ ಪುರುಷನ ಕಥೆ ಅದು. ಆಗ ಆ ಪಾತ್ರ ವಹಿಸುತ್ತಿದ್ದವನು ಪ್ಯಾಟ್ರಿಕ್ ಟ್ರೌಟನ್. 1967ರ ಸೆಪ್ಟೆಂಬರಿನಲ್ಲಿ ನಾಲ್ಕು ಕಂತುಗಳಾಗಿ ಬಂದ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಎಂಬ ಕಥೆಯಲ್ಲಿ, ಹಿಮಗಟ್ಟಿದ ಗೋರಿಯೊಳಗಿಂದ ಲೋಹದ ಮನುಷ್ಯರು ಪೊರೆ ಹರಿದುಕೊಂಡು ಎದ್ದುಬರುತ್ತಾರೆ. ಅದನ್ನು ಮಕ್ಕಳಾಗಿದ್ದಾಗ ಕಂಡವರು ಇಪ್ಪತ್ತೈದು ವರ್ಷ ಅದಕ್ಕೆ ಸಮನಾದದ್ದಿಲ್ಲವೆಂದು ಹೇಳಿದರು. ಕಾಣದಿದ್ದ ಕಿರಿಯರೂ ಅದನ್ನೇ ನಂಬಿದರು. ಹಾಂಗ್‌ಕಾಂಗಿನಲ್ಲಿ ಸಿಕ್ಕಿದ ಅದರ ಫಿಲ್ಮು 1992ರಲ್ಲಿ ವೀಡಿಯೋ ಆಗಿ ಹೊರಬಂತು. ಆ ಎದ್ದುಬರುವ ದೃಶ್ಯ ಇಂದಿಗೂ ಮೈ ಜುಮ್ಮೆನಿಸುತ್ತದೆ, ನಿಜ. ಆದರೆ ಮನುಷ್ಯನನ್ನು ಗಾಳಿಗೆತ್ತುವ ತಂತಿ ಕಣ್ಣಿಗೆ ಬೀಳುತ್ತದೆ. ನಡುನಡುವೆ ಕಥೆ ಕುಂಟುತ್ತದೆ. ಅನೇಕರ ಉತ್ಸಾಹ ಒಂದಿಷ್ಟು ಇಳಿಯಿತು.

ಇನ್ನೊಂದರ ಕಥೆ ಇದಕ್ಕೆ ವಿರುದ್ಧ. 1967ರ ಕೊನೆಯಲ್ಲಿ ಆರಂಭವಾದ ‘ದಿ ಎನಿಮಿ ಆಫ್ ದಿ ವರ್ಲ್ಡ್’ನ ಆರು ಕಂತುಗಳಲ್ಲಿ ಮೂರನೆಯದೊಂದೇ ಉಳಿದಿತ್ತು. ಅದನ್ನು ನೋಡಿದವರು ಕಥೆ ಸಪ್ಪೆಯೆಂದು ತೀರ್ಮಾನಿಸಿದ್ದರು. ಹಳಬರ ನೆನಪೂ ಅದನ್ನು ಅಷ್ಟಾಗಿ ಎತ್ತಿ ಹಿಡಿದಿರಲಿಲ್ಲ. ನೈಜೀರಿಯಾದ ಜೋಸ್ ನಗರದಲ್ಲಿ ಉಳಿದ ಐದೂ ದೊರೆತು 2013ರಲ್ಲಿ ಪ್ರಕಟವಾದಾಗ ಎಲ್ಲರಿಗೂ ಆಶ್ಚರ್ಯ. ನಾಯಕ ಮತ್ತು ಸಲಮ್ಯಾಂಡರ್ ಎಂಬ ಖಳ, ಈ ಎರಡು ಪಾತ್ರಗಳನ್ನೂ ಟ್ರೌಟನ್ನನೇ ವಹಿಸಿದ್ದಾನೆ. ವೇಷಭೂಷಣಕ್ಕಿಂತ ಹೆಚ್ಚಾಗಿ ನಡಿಗೆ, ನೋಟ, ಮಾತಿನ ಏರಿಳಿತಗಳಿಂದಲೇ ಇಬ್ಬರನ್ನು ಬೇರೆ ಮಾಡಿ ತೋರಿಸುವ ಆ ಅಭಿನಯ ಮೊದಲ ದರ್ಜೆಯದು. ಅಂದರೆ ನೆನಪು ಒಂದಕ್ಕೆ ಹೆಚ್ಚು ಕೊಟ್ಟಿತು, ಇನ್ನೊಂದಕ್ಕೆ ಕಡಿಮೆ ಕೊಟ್ಟಿತು. ಹಳೆಯದನ್ನೆಲ್ಲ ನೆನಪು ಚಿನ್ನ ಮಾಡುತ್ತದೆ ಎಂಬ ಮಾತು ಕೂಡ ಪೂರ್ತಿ ನಿಜವಲ್ಲ. ಭಯ, ಬೆರಗು ಹುಟ್ಟಿಸಿದ್ದನ್ನು ಅದು ಇಟ್ಟುಕೊಳ್ಳುತ್ತದೆ, ನಯವಾದ ಕುಶಲತೆಯನ್ನು ಮರೆಯುತ್ತದೆ.

ಹೀಗೇಕೆ? ನನಗೆ ತೋರುವ ಮಟ್ಟಿಗೆ, ನೆನಪು ಹಿಡಿದಿಡುವುದು ಕೃತಿಯನ್ನಲ್ಲ, ಕೃತಿಯನ್ನು ಕಂಡ ಹೊತ್ತನ್ನು. ಆ ಹೊತ್ತಿಗೆ ಅಂದು ಒಂದು ಕಟ್ಟಿತ್ತು. 1982ರಲ್ಲಿ ನಾಲ್ಕನೆಯದು ಬರುವವರೆಗೆ ಇದ್ದವು ಮೂರೇ ವಾಹಿನಿಗಳು. 1957ರವರೆಗೆ ಸಂಜೆ ಆರರಿಂದ ಏಳರವರೆಗೆ, ತಾಯಂದಿರು ಮಕ್ಕಳನ್ನು ಮಲಗಿಸಲೆಂದು, ಪ್ರಸಾರವನ್ನೇ ನಿಲ್ಲಿಸುತ್ತಿದ್ದರು. ಕಾರ್ಯಕ್ರಮಗಳ ನಡುವೆ ಬಿಡುವಾದರೆ ಕುಂಬಾರನ ಚಕ್ರ ತಿರುಗುವುದನ್ನು ತೋರಿಸುತ್ತಿದ್ದರು. ಜನ ಅದನ್ನೂ ನೋಡುತ್ತ ಕೂರುತ್ತಿದ್ದರು. ರಾತ್ರಿ ಪ್ರಸಾರ ಮುಗಿಯುವಾಗ ರಾಷ್ಟ್ರಗೀತೆ. ಮನೆಯಲ್ಲಿ ದಾಖಲಿಸಿಟ್ಟು ಮತ್ತೆ ನೋಡುವ ಸಾಧನ ಇರಲಿಲ್ಲ, ತಪ್ಪಿದರೆ ತಪ್ಪಿತು. ವಸತಿಹೀನ ಕುಟುಂಬವೊಂದರ ಪಾಡನ್ನು ಚಿತ್ರಿಸಿದ ‘ಕ್ಯಾಥಿ ಕಮ್ ಹೋಮ್’ ನಾಟಕವನ್ನು 1966ರ ನವೆಂಬರ್ 16ರ ಒಂದೇ ರಾತ್ರಿ ಸುಮಾರು 1 ಕೋಟಿ 20 ಲಕ್ಷ ಜನ ನೋಡಿದರು. ಮರುದಿನ ಬಸ್ಸಿನಲ್ಲಿ ಪಕ್ಕದವನೊಡನೆ ಮಾತಿಗೆ ಅದಕ್ಕಿಂತ ಬೇರೆ ವಿಷಯ ಬೇಕೆ? ಇಂದು ಹಂಬಲಿಸುವವರು ಕಳೆದುಕೊಂಡಿರುವುದು ಈ ಒಡನಾಟವನ್ನು. ಅದು ದೊಡ್ಡ ನಷ್ಟವೇ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅದನ್ನು ಕೃತಿಗಳ ಲೆಕ್ಕಕ್ಕೆ ಬರೆದು, ಅಂದಿನವೆಲ್ಲ ಉತ್ತಮ, ಇಂದಿನವೆಲ್ಲ ಅಧಮ ಎನ್ನುವುದು ಲೆಕ್ಕದ ತಪ್ಪು.

ಆ ಒಡನಾಟದ ಬಗೆಗೂ ಒಂದು ಮಾತು ಹೇಳಲೇಬೇಕು. ‘ಆಗ ನಾವೆಲ್ಲ ಒಟ್ಟಿಗೆ ನಕ್ಕೆವು’ ಎಂಬ ಮಾತು ಈ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ‘ನಾವೆಲ್ಲ’ ಯಾರು? ಬಿಳಿಯ ಗಾಯಕರು ಮುಖಕ್ಕೆ ಮಸಿ ಬಳಿದುಕೊಂಡು ಹಾಡುವ ‘ದಿ ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಷೋ’ 1958ರಿಂದ 1978ರವರೆಗೆ ನಡೆಯಿತು. ಅದನ್ನು ನಿಲ್ಲಿಸಬೇಕೆಂದು 1967ರಲ್ಲಿಯೇ ವರ್ಣಭೇದವಿರೋಧಿಗಳು ಮನವಿ ಸಲ್ಲಿಸಿದ್ದರು. ಆ ಬಳಿಕವೂ ಅದು ಹನ್ನೊಂದು ವರ್ಷ ನಡೆಯಿತು. ಮೇಲೆ ಹೇಳಿದ ಗೋರಿಯ ಕಥೆಯಲ್ಲಿ ಟೋಬರ್‌ಮನ್ ಎಂಬ ಕಪ್ಪು ಸೇವಕನೊಬ್ಬನಿದ್ದಾನೆ. ದೇಹ ಬೆಟ್ಟದಂತೆ, ಮಾತು ಇಲ್ಲವೆನ್ನುವಷ್ಟು ಕಡಿಮೆ, ಕೊನೆಗೆ ಇತರರಿಗಾಗಿ ಸಾಯುತ್ತಾನೆ. ಇಪ್ಪತ್ತೈದು ವರ್ಷಗಳ ಹೊಗಳಿಕೆ ಲೋಹದ ಮನುಷ್ಯರನ್ನು ನೆನಪಿಟ್ಟಿತ್ತು, ಇವನನ್ನು ಮರೆತಿತ್ತು. ಫಿಲ್ಮು ಮರೆಯಲಿಲ್ಲ. ಕೃತಿ ಹಿಂದಿರುಗಿ ಬರುವುದರಿಂದ ಆಗುವ ದೊಡ್ಡ ಉಪಕಾರ ಇದೇ ಎಂದು ನಾನು ತಿಳಿಯುತ್ತೇನೆ.

ನಾವೂ ಹೊರಗೆ ನಿಂತು ನ್ಯಾಯ ಹೇಳುವಂತಿಲ್ಲ. ಪರದೇಶೀಯರು ಇಂಗ್ಲಿಷ್ ಕಲಿಯುವ ತರಗತಿಯ ಕಥೆಯಾದ ‘ಮೈಂಡ್ ಯುವರ್ ಲ್ಯಾಂಗ್ವೇಜ್’ 1977ರಲ್ಲಿ ಆರಂಭವಾಯಿತು. ಸಿಖ್ಖನ, ಪಾಕಿಸ್ತಾನಿಯ, ಭಾರತೀಯ ಗೃಹಿಣಿಯ ಇಂಗ್ಲಿಷೇ ಅಲ್ಲಿ ನಗೆಯ ಮೂಲ. ನಮ್ಮವರಲ್ಲಿಯೂ ಅದನ್ನು ಪ್ರೀತಿಯಿಂದ ನೆನೆಯುವವರು ಬಹಳ. 1993ರಲ್ಲಿ ದೂರದರ್ಶನದಲ್ಲಿ ಅದರ ಹಿಂದಿ ರೂಪ ‘ಜಬಾನ್ ಸಂಭಾಲ್‌ಕೇ’ ಬಂದಾಗ, ಹಿಂದಿ ಸರಿಯಾಗಿ ಬಾರದವರ ಸರದಿ ಬಂತು. ನಗುವವನ ಕುರ್ಚಿ ಸಿಕ್ಕಿದೊಡನೆ ನಕ್ಕಿಸಿಕೊಂಡವನ ನೋವು ಎಷ್ಟು ಬೇಗ ಮರೆತುಹೋಗುತ್ತದೆ!

ಹಾಗಾದರೆ ಈ ಹಂಬಲಕ್ಕೆ ಬೆಲೆಯೇ ಇಲ್ಲವೆ? ಉಂಟು. ಅದನ್ನು ತನ್ನ ವಸ್ತುವಾಗಿಯೇ ಮಾಡಿಕೊಂಡು ಗೆದ್ದ ಕೃತಿಯೊಂದು ಆ ಟೆಲಿವಿಷನ್ನಿನಲ್ಲಿಯೇ ಇದೆ. ಡಿಕ್ ಕ್ಲೆಮೆಂಟ್ ಮತ್ತು ಇಯನ್ ಲಾ ಫ್ರೆನೇ ಬರೆದ ‘ದಿ ಲೈಕ್ಲಿ ಲ್ಯಾಡ್ಸ್’ 1964ರಿಂದ 66ರವರೆಗೆ ಬಂದ ಹಾಸ್ಯಧಾರಾವಾಹಿ. ಬಾಬ್, ಟೆರಿ ಎಂಬ ನ್ಯೂಕ್ಯಾಸಲ್‌ನ ಇಬ್ಬರು ಕೆಲಸಗಾರ ಹುಡುಗರ ಕಥೆ. 1973ರಲ್ಲಿ ಆ ಹುಡುಗರಿಗೆ ಏನಾಯಿತು ಎಂಬ ಪ್ರಶ್ನೆಯನ್ನೇ ಹೆಸರಾಗಿಟ್ಟುಕೊಂಡು ಅದರ ಮುಂದುವರಿಕೆ ಬಂತು. ಟೆರಿ ಐದು ವರ್ಷ ಸೈನ್ಯದಲ್ಲಿದ್ದು ಹಿಂದಿರುಗಿದ್ದಾನೆ. ಹಳೆಯ ಬೀದಿಗಳನ್ನು ಕೆಡವಿ ಹೊಸ ಬಡಾವಣೆಗಳು ಏಳುತ್ತಿವೆ. ಬಾಬ್ ಹೊಸ ಮನೆ ಕೊಂಡು ಮದುವೆಗೆ ನಿಂತಿದ್ದಾನೆ. ಇಬ್ಬರೂ ಕುಡಿಯುತ್ತ ಕುಳಿತು ಹಳೆಯದನ್ನು ನೆನೆಯುತ್ತಾರೆ. ಲೇಖಕರು ಅವರನ್ನು ನೋಡಿ ನಗುತ್ತಾರೆ, ಕನಿಕರವನ್ನೂ ಪಡುತ್ತಾರೆ. ಬಾಬ್‌ನ ಹೆಂಡತಿ ಥೆಲ್ಮಾಳಿಗೆ ಮಾತ್ರ ನೆನಪಿನ ಹಕ್ಕನ್ನು ಅಷ್ಟಾಗಿ ಕೊಟ್ಟಿಲ್ಲ. ಗಂಡಸರ ಆನಂದಕ್ಕೆ ಅಡ್ಡಬರುವುದೇ ಬಹುಮಟ್ಟಿಗೆ ಅವಳ ಕೆಲಸ. ಇದು ಕೃತಿಯ ಕೊರತೆ. ಆದರೂ ಹಂಬಲದ ಸಿಹಿಯನ್ನೂ ಸುಳ್ಳನ್ನೂ ಒಟ್ಟಿಗೆ ತೋರಿಸಿದ್ದರಿಂದ ಅದು ನನ್ನಂಥ ಹೊರಗಿನವನಿಗೂ ಮುಟ್ಟುತ್ತದೆ. ವಿಪರ್ಯಾಸವೆಂದರೆ, ಆ ಇಬ್ಬರು ನೆನೆಯುವ ಹಳೆಯ ದಿನಗಳ ಕಂತುಗಳಲ್ಲಿ ಎಷ್ಟೋ ಅಳಿಸಿಹೋಗಿವೆ.

ಗೋರಿಯ ಕಥೆಯಲ್ಲಿ ಯಾರೂ ಓಡದ, ಯಾರೂ ಕೂಗದ ಒಂದು ಸಣ್ಣ ದೃಶ್ಯವಿದೆ. ತಂದೆಯನ್ನು ಆಗತಾನೆ ಕಳೆದುಕೊಂಡ ವಿಕ್ಟೋರಿಯಾ ಎಂಬ ಹುಡುಗಿಗೆ ನಾಯಕನು ತನ್ನವರ ನೆನಪಿನ ಬಗೆಗೆ ಹೇಳುತ್ತಾನೆ: ಬೇಕೆಂದಾಗ ಅವರನ್ನು ಕಣ್ಣಮುಂದೆ ತಂದುಕೊಳ್ಳಬಲ್ಲೆ, ಉಳಿದ ವೇಳೆಯಲ್ಲಿ ಅವರು ಮನಸ್ಸಿನೊಳಗೆ ನಿದ್ರಿಸುತ್ತಿರುತ್ತಾರೆ, ಎಂದು. ಸತ್ತವರ ವಿಷಯದಲ್ಲಿ ಈ ಮಾತು ಸಾಕು. ಕೃತಿಗಳ ವಿಷಯದಲ್ಲಿ ಸಾಲದು. ಅವು ಮನಸ್ಸಿನೊಳಗೆ ನಿದ್ರಿಸಿದರೆ ನಮಗೆ ಬೇಕಾದ ರೂಪವನ್ನೇ ತಾಳುತ್ತವೆ. ಎದುರಿಗಿದ್ದರೆ ನಮ್ಮೊಡನೆ ವಾದಿಸುತ್ತವೆ. ಹಳೆಯ ಫಿಲ್ಮುಗಳ ಡಬ್ಬಿಗಳು ಇನ್ನೂ ಯಾರ ಯಾರ ಮನೆಗಳಲ್ಲಿ ಬಿದ್ದಿವೆಯೋ. ಅವನ್ನು ಕೂಡಿಟ್ಟವರಿಗೂ ವಯಸ್ಸಾಗಿದೆ. ಹಿಂದಿನದನ್ನು ಪ್ರೀತಿಸುವೆವೆನ್ನುವವರು ಮೊದಲು ಮಾಡಬೇಕಾದದ್ದು ಅವನ್ನು ಹುಡುಕಿ ಉಳಿಸುವ ಕೆಲಸ. ಹೊಗಳಿಕೆಯನ್ನು ಆಮೇಲೆ, ನೋಡಿದ ಮೇಲೆ, ಮಾಡಬಹುದು.