ಶಾರ್ಕ್ ಚಿತ್ರದಲ್ಲಿ ಕಾಣದ ಬಲೆ

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತಾದ 17ನೇ ಗುಹೆಯಲ್ಲಿ ಸಿಂಹಲನೆಂಬ ವರ್ತಕನ ಕಥೆಯನ್ನು ಬಿಡಿಸಿದ್ದಾರೆ. ಹಡಗು ಒಡೆಯುತ್ತದೆ, ಬದುಕಿ ದಡ ಸೇರಿದವರಿಗಾಗಿ ರಾಕ್ಷಸಿಯರು ಕಾದಿರುತ್ತಾರೆ. ಒಳನಾಡಿನ ಆ ಗೋಡೆಯ ಮೇಲೆ ಕಡಲೆಂದರೆ ಭಯ ಮತ್ತು ಬೆರಗು. ಇಂದಿನ ನಾಸಿಕದವರಿಗೂ ನಮ್ಮ ಕಲಬುರಗಿಯವರಿಗೂ ಅದೇ ಸರಕನ್ನು ಸ್ಕೂಬಾ ಫೋಟೊಗಳು ಒದಗಿಸುತ್ತಿವೆ: ನೀಲಿ ನೀರು, ನಡುವೆ ಬಾಯಿ ತೆರೆದ ಶಾರ್ಕ್. ಗುಹೆಯ ಚಿತ್ರಕ್ಕಿಲ್ಲದ ಒಂದು ಹಮ್ಮು ಮಾತ್ರ ಈ ಫೋಟೊಗಳಿಗಿದೆ. ಇವು ಶಾರ್ಕನ್ನು ಉಳಿಸುತ್ತವಂತೆ!

ಜನ ಕಂಡರೆ ಪ್ರೀತಿಸುತ್ತಾರೆ, ಪ್ರೀತಿಸಿದರೆ ಕಾಪಾಡುತ್ತಾರೆ ಎನ್ನುವುದು ವಾದ. ಛಾಯಾಚಿತ್ರ ಪ್ರದರ್ಶನಗಳಲ್ಲಿ ಇದನ್ನು ಪ್ರಶ್ನಿಸುವವರು ಕಡಿಮೆ. ನನಗೆ ಒಪ್ಪಿಗೆಯಿಲ್ಲ. ನೀರೊಳಗಿನ ಕ್ಯಾಮೆರಾ ಅಗ್ಗವಾಗಿ, ಚಿತ್ರಗಳು ಮನೆಮನೆ ತಲುಪಿದ ಕಾಲದಲ್ಲೇ, ಅಂದರೆ 1970ರಿಂದ ಈಚೆಗೆ, ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂತತಿ ಶೇ 71ರಷ್ಟು ಕುಸಿದಿದೆ. ಅದಕ್ಕೆ ಕಾರಣ ಮಿತಿಮೀರಿದ ಮೀನುಗಾರಿಕೆ, ಫೋಟೊಗಳಲ್ಲ, ನಿಜ. ಆದರೆ ಅದನ್ನು ತಡೆಯುವ ಶಕ್ತಿ ಫೋಟೊಗಳಿಗಿದೆ ಎಂದವರು ಉತ್ತರ ಕೊಡಬೇಕಲ್ಲ.

ಚಿತ್ರ ಹೇಗೆ ತಯಾರಾಗುತ್ತದೆ ನೋಡಿ. ನೀರು ಮೊದಲು ನುಂಗುವುದು ಕೆಂಪನ್ನು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಎಲ್ಲವೂ ಮಂಕು ನೀಲಿ-ಹಸಿರು. ಫ್ಲ್ಯಾಶ್ ಹಾಕಿದರೆ ಬಣ್ಣ ಮರಳುತ್ತದೆ, ಜೊತೆಗೆ ನೀರಲ್ಲಿ ತೇಲುವ ಕಣಗಳೂ ಹೊಳೆಯುತ್ತವೆ. ಅವನ್ನು ಆಮೇಲೆ ಕಂಪ್ಯೂಟರಿನಲ್ಲಿ ಒರೆಸಿ ಹಾಕುತ್ತಾರೆ. ಆ ಕಣಗಳಲ್ಲೇ ಪ್ಲಾಂಕ್ಟನ್ ಇರುವುದು, ತಿಮಿಂಗಿಲ ಶಾರ್ಕ್ ಅರಸಿ ಬರುವುದೂ ಅದನ್ನೇ. ಊಟಕ್ಕೆ ಕೂತವನ ಫೋಟೊ ತೆಗೆದು ಎಲೆಯ ಮೇಲಿನ ಅನ್ನ ಅಳಿಸಿದ ಹಾಗಾಯಿತು. ಮಾಲ್ಡೀವ್ಸ್‌ನ ಫುವಾಮುಲಾದಲ್ಲಿ ಟೈಗರ್ ಶಾರ್ಕ್‌ಗಳನ್ನು ಬಂದರಿನ ಹತ್ತಿರ ಮೀನಿನ ತಲೆಗಳನ್ನಿಟ್ಟು ಕರೆಯುತ್ತಾರೆ. ಆ ತಲೆಗಳೂ ಚೌಕಟ್ಟಿನ ಹೊರಗೆ.

ನಮ್ಮ ದೇಶದಲ್ಲಿ ಶಾರ್ಕನ್ನು ನಿಜಕ್ಕೂ ಉಳಿಸಿದ ಚಿತ್ರಗಳು ಬೇರೆಯವು. ಸೌರಾಷ್ಟ್ರದ ವೇರಾವಳ್ ಕಡೆ ತಿಮಿಂಗಿಲ ಶಾರ್ಕನ್ನು ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರು. ಮರದ ದೋಣಿಗಳಿಗೆ ನೀರು ಹೀರದಂತೆ ಬಳಿಯಲು ಆ ಎಣ್ಣೆ ಬೇಕಿತ್ತು. ಮೈಕ್ ಪಾಂಡೆ 2000ದಲ್ಲಿ ಹೊರತಂದ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರ ಆ ಕೊಲೆಯನ್ನು, ರಕ್ತವನ್ನು, ಕಡಿಯುವ ಕೈಗಳನ್ನು ತೋರಿಸಿತು. ಮರುವರ್ಷವೇ ಈ ಮೀನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. 2004ರಲ್ಲಿ ಶುರುವಾದ ಅಭಿಯಾನದಲ್ಲಿ ರಾಮಕಥಾ ಪ್ರವಚನಕಾರ ಮೊರಾರಿ ಬಾಪು ಇದನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದು ಕರೆದರು. ಬಲೆಗೆ ಬಿದ್ದ ಮೀನನ್ನು ಬಲೆ ಕತ್ತರಿಸಿ ಬಿಡುವವರಿಗೆ ಗುಜರಾತ್ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಸಾಕ್ಷಿ ಬೇಕಲ್ಲ, ಮೀನುಗಾರರ ಕೈಗೇ ಕ್ಯಾಮೆರಾ ಬಂತು. ದೋಣಿಯ ಅಂಚು, ಹರಿದ ಬಲೆ, ಅರ್ಧ ಬೆನ್ನು. ಯಾವ ಸ್ಪರ್ಧೆಯ ಮೊದಲ ಸುತ್ತನ್ನೂ ದಾಟದ ಫೋಟೊಗಳು. ನನ್ನ ದೃಷ್ಟಿಯಲ್ಲಿ ಭಾರತದ ಅತ್ಯುತ್ತಮ ಶಾರ್ಕ್ ಚಿತ್ರಗಳು ಇವೇ, ಏಕೆಂದರೆ ಇವುಗಳಲ್ಲಿ ಮನುಷ್ಯನೂ ಇದ್ದಾನೆ, ಅವನ ನಷ್ಟವೂ ಇದೆ.

ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಬೇಟೆಯನ್ನೇ ನಿಷೇಧಿಸಿತಲ್ಲ, ಅದು ಡೈವಿಂಗ್‌ನಿಂದಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅಲ್ಲಿ ಸತ್ತ ಮೀನಿಗಿಂತ ಬದುಕಿದ ಮೀನು ಹೆಚ್ಚು ದುಡಿಯುತ್ತದೆಂಬ ಲೆಕ್ಕ ಕೆಲಸ ಮಾಡಿತು. ಆ ಲೆಕ್ಕ ಚಿತ್ರದ ಚೆಲುವಿನಿಂದ ಹುಟ್ಟುವುದಿಲ್ಲ. ದಡದವರಿಗೆ ಪಾಲು ಸಿಕ್ಕಾಗ ಹುಟ್ಟುತ್ತದೆ.

ನಮ್ಮಲ್ಲಿ ನೇತ್ರಾಣಿ ದ್ವೀಪ ಇದೆ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ. 2022ರ ‘ಗಂಧದಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದದ್ದನ್ನು ಕಂಡವರು ಬಹಳ. ಅಲ್ಲಿಗೆ ಹೋಗಿ ಬಂದವರ ಸಾಮಾನ್ಯ ದೂರು: ನೀರು ತಿಳಿಯಾಗಿಲ್ಲ, ಅಂಡಮಾನ್‌ನ ಹಾಗಿಲ್ಲ. ಮಳೆಗಾಲ ಮೇಲೆಬ್ಬಿಸುವ ಪೋಷಕಾಂಶಗಳಿಂದಲೇ ಈ ಕಡಲು ಮೀನು ಹಡೆಯುವುದು. ಹಸಿರು ಮಬ್ಬು ಅದರ ಗುರುತು. ಮಬ್ಬನ್ನು ದೋಷವೆಂದು ಕಲಿಸಿದ್ದು ನೀಲಿ ಫೋಟೊಗಳು. ನೌಕಾಪಡೆ ಗುರಿ ಅಭ್ಯಾಸ ಮಾಡಿದ ದ್ವೀಪವಿದು, ಡೈವಿಂಗ್ ದೋಣಿ ಸಾಗುವುದು ಮೀನುಗಾರರ ಕಡಲಿನಲ್ಲೇ. ಈ ಎರಡೂ ಚಿತ್ರಕ್ಕೆ ಬರುವುದು ಅಪರೂಪ. ಹಾಗೆಯೇ ಮಲ್ಪೆ, ಮಂಗಳೂರಿನ ಬಂದರುಗಳ ಹರಾಜಿನಲ್ಲಿ ಕೊಂಕಣಿಗರು ಮೋರಿ ಎನ್ನುವ ಮರಿ ಶಾರ್ಕ್‌ಗಳು ಬುಟ್ಟಿಯಲ್ಲಿರುತ್ತವೆ, ಅವೂ ಚೌಕಟ್ಟಿನ ಹೊರಗೇ. ಬಹುಪಾಲು ಜಾತಿಗಳನ್ನು ಹಿಡಿಯುವುದು ಕಾನೂನುಬಾಹಿರವೂ ಅಲ್ಲ. ರೆಕ್ಕೆಗಳ ರಫ್ತು ಮಾತ್ರ 2015ರಿಂದ ನಿಂತಿದೆ. ನೇತ್ರಾಣಿಯ ಫೋಟೊಗ್ರಾಫರ್ ಮುಂದಿನ ಸಲ ಆ ಬುಟ್ಟಿಯ ಮುಂದೆ ಕೂರಲಿ; ಯಾವ ಬಲೆ, ಎಷ್ಟು ಆಳ, ಯಾವ ತಿಂಗಳು, ಮರಿಗಳೇ ಏಕೆ ಎಂದು ಕೇಳಿ ಬರೆದುಕೊಳ್ಳಲಿ, ಆಮೇಲೆ ಕ್ಯಾಮೆರಾ ಎತ್ತಲಿ.