ಬೆರಳಚ್ಚಿನ ನೆನಪು: ‘ಅಮೆರಿಕನ್ ಟೈಪ್‌ರೈಟರ್’ ಅಕ್ಷರಶೈಲಿಯ ರೂಪ ಮತ್ತು ಬಳಕೆ

ಉಪಕರಣವೊಂದು ಮೂಡಿಸಿದ ರೂಪವು ಆ ಉಪಕರಣದಿಂದ ಬೇರ್ಪಟ್ಟ ಮೇಲೂ ಅಲಂಕಾರವಾಗಿ ಉಳಿಯುವುದು ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ಪರಿಚಿತ ಸಂಗತಿ. ಮುದ್ರಣಾಕ್ಷರಗಳ ಲೋಕದಲ್ಲಿ ಇದಕ್ಕೆ ಉತ್ತಮ ನಿದರ್ಶನ ‘ಅಮೆರಿಕನ್ ಟೈಪ್‌ರೈಟರ್’ ಎಂಬ ರೋಮನ್ ಅಕ್ಷರಶೈಲಿ. ಜೋಯೆಲ್ ಕೇಡನ್ ಮತ್ತು ಟೋನಿ ಸ್ಟಾನ್ ರೂಪಿಸಿದ ಇದನ್ನು ಇಂಟರ್‌ನ್ಯಾಷನಲ್ ಟೈಪ್‌ಫೇಸ್ ಕಾರ್ಪೊರೇಷನ್ 1974ರಲ್ಲಿ ಹೊರತಂದಿತು. ಶೋಲ್ಸ್ ಮತ್ತು ಗ್ಲಿಡನ್ ಬೆರಳಚ್ಚು ಯಂತ್ರ ಮಾರುಕಟ್ಟೆಗೆ ಬಂದು ಆಗ ನೂರು ವರ್ಷವಾಗಿತ್ತು.

ಈ ಶೈಲಿ ‘ಸ್ಲ್ಯಾಬ್ ಸೆರಿಫ್’ ವರ್ಗಕ್ಕೆ ಸೇರುತ್ತದೆ. ಅಕ್ಷರದ ಗೆರೆ ಮುಗಿಯುವಲ್ಲಿ ಅಡ್ಡಲಾಗಿ ಚಾಚುವ ಪಾದವೇ ಸೆರಿಫ್. ಅದು ಚಪ್ಪಡಿಯಂತೆ ದಪ್ಪವಾಗಿದ್ದರೆ ಸ್ಲ್ಯಾಬ್. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡ ಈ ಪಾದ ಜಾಹೀರಾತು ಮುದ್ರಣದಲ್ಲಿ ಕಣ್ಸೆಳೆಯುವ ಸಾಧನವಾಗಿತ್ತು. ಬೆರಳಚ್ಚು ಯಂತ್ರದಲ್ಲಿ ಅದರ ಕೆಲಸವೇ ಬದಲಾಯಿತು. ಸಾಮಾನ್ಯ ಯಂತ್ರಗಳಲ್ಲಿ ಪ್ರತಿ ಬಡಿತಕ್ಕೂ ಕಾಗದ ಒಂದೇ ಅಳತೆಯಷ್ಟು ಸರಿಯುತ್ತಿದ್ದುದರಿಂದ ಸಪೂರವಾದ ‘ಐ’ ಅಕ್ಷರಕ್ಕೂ ಅಗಲವಾದ ‘ಎಂ’ ಅಕ್ಷರಕ್ಕೂ ದೊರೆಯುತ್ತಿದ್ದುದು ಸಮಾನ ಜಾಗ. ಮೊದಲನೆಯದಕ್ಕೆ ಉದ್ದ ಪಾದಗಳನ್ನಿತ್ತು ಖಾಲಿ ಜಾಗ ತುಂಬಬೇಕಿತ್ತು. ಎರಡನೆಯದನ್ನು ಒತ್ತಿ ಕೂರಿಸಬೇಕಿತ್ತು. ಶಾಯಿಯ ರಿಬ್ಬನ್ನಿನ ಮೂಲಕ ಬಿದ್ದ ಅಚ್ಚು ಕಾಗದದ ಮೇಲೆ ತುಸು ಹರಡಿ, ಮೂಲೆಗಳು ಮೊಂಡಾಗುತ್ತಿದ್ದವು.

ಕೇಡನ್ ಮತ್ತು ಸ್ಟಾನ್ ಈ ಎರಡು ಲಕ್ಷಣಗಳಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕೈಬಿಟ್ಟರು. ದುಂಡನೆಯ ಪಾದಗಳೂ ಗುಂಡು ತುದಿಗಳೂ ಉಳಿದವು. ಸಮಾನ ಅಗಲದ ಕಟ್ಟುಪಾಡು ಹೋಯಿತು. ಫೋಟೊ ಅಕ್ಷರಜೋಡಣೆಯ ಕಾಲಕ್ಕೆ ಸಿದ್ಧವಾದ ಈ ಶೈಲಿಯಲ್ಲಿ ದುಂಡುತನವು ರಿಬ್ಬನ್ನಿನ ಪರಿಣಾಮವಲ್ಲ, ವಿನ್ಯಾಸಕರ ಆಯ್ಕೆ. ಜರ್ಮನ್ ವಿದ್ವಾಂಸ ಹಾನ್ಸ್ ಮೋಸರ್ 1962ರಲ್ಲಿ ಚರ್ಚೆಗೆ ತಂದ ‘ಫೋಕ್‌ಲೋರಿಸಂ’, ಅಂದರೆ ಮೂಲ ಸಂದರ್ಭ ಕಳಚಿಕೊಂಡ ಸಂಪ್ರದಾಯದ ಮರುಪ್ರದರ್ಶನ, ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ವಿಶೇಷವೆಂದರೆ, ಯಂತ್ರವಿನ್ನೂ ಕಚೇರಿಗಳಲ್ಲಿ ಸದ್ದು ಮಾಡುತ್ತಿದ್ದಾಗಲೇ ಅದರ ರೂಪ ನೆನಪಿನ ಸರಕಾಗಿತ್ತು.

ಬಳಕೆಯ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. 1975ರ ಹಣಕಾಸಿನ ಬಿಕ್ಕಟ್ಟಿನಿಂದ ನ್ಯೂಯಾರ್ಕ್ ನಗರ ಕಂಗೆಟ್ಟಿದ್ದ ದಿನಗಳಲ್ಲಿ, 1977ರ ಪ್ರವಾಸೋದ್ಯಮ ಪ್ರಚಾರಕ್ಕಾಗಿ ಮಿಲ್ಟನ್ ಗ್ಲೇಸರ್ ರಚಿಸಿದ ‘ಐ ಲವ್ ನ್ಯೂಯಾರ್ಕ್’ ಲಾಂಛನ ಈ ಅಕ್ಷರಗಳನ್ನೇ ಆಶ್ರಯಿಸಿತು. ‘ಲವ್’ ಪದದ ಜಾಗದಲ್ಲಿ ನಿಂತ ಕೆಂಪು ಹೃದಯದ ಬಾಗುಗಳಿಗೆ ದುಂಡು ಪಾದಗಳು ಹೊಂದಿಕೊಂಡವು. ಸರ್ಕಾರಿ ಪ್ರಚಾರವು ಒಬ್ಬ ವ್ಯಕ್ತಿ ಬರೆದ ಪತ್ರದ ಆಪ್ತತೆಯನ್ನು ಪಡೆಯಿತು. 2023ರಲ್ಲಿ ಹೊರಬಂದ ಹೊಸ ಲಾಂಛನವು ಪಾದಗಳಿಲ್ಲದ ಅಕ್ಷರಗಳನ್ನು ಬಳಸಿ ವ್ಯಾಪಕ ಟೀಕೆಗೆ ಗುರಿಯಾಯಿತು.

ಈ ಶೈಲಿಗೆ ಮಿತಿಗಳೂ ಇವೆ. ಶೀರ್ಷಿಕೆ, ಭಿತ್ತಿಪತ್ರಗಳಲ್ಲಿ ಮೆರೆಯುವ ಇದರ ಅಗಲವಾದ ಮೈಕಟ್ಟು ದೀರ್ಘ ಪಠ್ಯದಲ್ಲಿ ಹೆಚ್ಚು ಜಾಗ ಬೇಡುತ್ತದೆ. ಗುಂಡು ತುದಿಗಳು ಪದೇ ಪದೇ ಕಣ್ಣನ್ನು ತಡೆಯುತ್ತವೆ. ಇದಕ್ಕಿಂತ ಗಂಭೀರವಾದುದು ಪ್ರಾಮಾಣ್ಯದ ಪ್ರಶ್ನೆ. ಬೆರಳಚ್ಚಿನ ಪ್ರತಿಯಲ್ಲಿ ಬರೆದವರ ಬಡಿತ, ತಿದ್ದುಪಡಿ, ಯಂತ್ರದ ಸವಕಲುಗಳು ದಾಖಲಾಗಿರುತ್ತವೆ. ಅಮೆರಿಕನ್ ಟೈಪ್‌ರೈಟರ್ ಈ ಗುರುತುಗಳಾವುವನ್ನೂ ಹೊರದೆ, ಅವು ಹುಟ್ಟಿಸುವ ವಿಶ್ವಾಸವನ್ನು ಮಾತ್ರ ಪಡೆದುಕೊಳ್ಳುತ್ತದೆ. ದಾಖಲೆಯನ್ನೂ ದಾಖಲೆಯ ವೇಷವನ್ನೂ ಬೇರ್ಪಡಿಸಿ ನೋಡಬೇಕಾದ ಸಂಶೋಧನೆಗೆ ಈ ಅಕ್ಷರಶೈಲಿಯ ಅಧ್ಯಯನ ಮುಖ್ಯವಾಗುವುದು ಈ ಕಾರಣದಿಂದ.